ಪುಕ್ಕಟೆ ಆ್ಯಪಿಗೆ ಕೈ ಹಾಕುವ ಮುಂಚೆ

ತಮಾ, ತಂಗೀ, ಇದು ಬೈಗುಳವಲ್ಲ. ಫೋನಿನಲ್ಲಿ ಸಂಗಾತಿ ಹುಡುಕುವುದೇ ಕೆಟ್ಟದ್ದು ಎನ್ನುವವರ ಸಾಲಿಗೆ ನಾನು ಸೇರಿದವಳಲ್ಲ. ನಮ್ಮ ಕಾಲದಲ್ಲಿ ಶಿರಸಿಯ ಮಾರಿಜಾತ್ರೆ ಪೇಟೆಯಲ್ಲಿ, ನೆಂಟರ ಮನೆ ಮದುವೆಯ ಪಂಕ್ತಿಯಲ್ಲಿ, ಬೆಳಗಿನ ತನಕದ ಯಕ್ಷಗಾನದಲ್ಲಿ ಹುಡುಗ ಹುಡುಗಿ ಒಬ್ಬರ ಕಣ್ಣಿಗೊಬ್ಬರು ಬೀಳುತ್ತಿದ್ದರು. ಆಮೇಲೆ ಯಾರಾದರೂ ಸೋದರಮಾವ ಜಾತಕ ಹಿಡಿದು ಓಡಾಡುತ್ತಿದ್ದ. ಈಗ ಕಣ್ಣಿಗೆ ಬೀಳಲಿಕ್ಕೆ ಆ ವಯಸ್ಸಿನವರು ಊರಲ್ಲಿ ಇರಬೇಕಲ್ಲ! ದೀಪಾವಳಿಗೆ ಬಂದವರು ಹೋಳಿಗೆ ಆರುವುದರೊಳಗೆ ಬೆಂಗಳೂರು ಬಸ್ಸು ಹತ್ತಿರುತ್ತಾರೆ. ಹಾಗಾಗಿ ನೀವು ಆ್ಯಪ್ ನೋಡುತ್ತೀರಿ ಎಂದರೆ ನನಗೇನೂ ಆಶ್ಚರ್ಯವಿಲ್ಲ. ಯಾವುದನ್ನು ಹಾಕಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಬಗ್ಗೆ ಮಾತ್ರ ನಾಲ್ಕು ಮಾತು.

“ತ್ವಾಟ ಇದ್ದು, ಮನೆ ಇದ್ದು, ಕೂಸು ಸಿಕ್ತಿಲ್ಲೆ” ಎನ್ನುವ ಮಾತು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ದಿನ ಬೆಳಗಾದರೆ ಕೇಳುತ್ತದೆ. ಬೇರೆ ಜಾತಿಯ ಕೃಷಿಕರ ಮನೆಯಲ್ಲೂ ಕತೆ ಬೇರೆಯೇನಲ್ಲ. ಘಟ್ಟದ ಮೇಲಿನ ನಮಗೆ ಮಾತ್ರ ಬಂದ ಕಷ್ಟವೂ ಅಲ್ಲ: 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ಯುವ ರೈತರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದಕ್ಕೂ ಮುಂಚೆ, 2021ರಲ್ಲಿ, ಅರ್ಚಕರನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 3 ಲಕ್ಷ ರೂಪಾಯಿಯ ‘ಮೈತ್ರೇಯಿ’ ಯೋಜನೆಯನ್ನು ರಾಜ್ಯದ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ತಂದಿತು. ಸರ್ಕಾರದ ಮಂಡಳಿಯೇ ದುಡ್ಡು ತೆಗೆದಿಡುವಷ್ಟು ಗಟ್ಟಿಯಾಗಿದೆ ಈ ಕಷ್ಟ. ಇಂಥ ಹೊತ್ತಿನಲ್ಲಿ “ಪುಕ್ಕಟೆ, ಈಗಲೇ ಸೇರಿ” ಎಂದು ಫೋನು ಕರೆದರೆ ಕೈ ತಾನಾಗಿ ಹೋಗುತ್ತದೆ. ಗರಜು ಹೆಚ್ಚಿದ್ದವನು ಬೇಗ ಕೈ ಸುಟ್ಟುಕೊಳ್ಳುತ್ತಾನೆ, ಅದಕ್ಕೇ ಹೇಳುತ್ತಿರುವುದು.

ಒಂದು ಮಾತನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ಈ ಆ್ಯಪ್‌ಗಳನ್ನು ಮಾಡಿದ್ದು ದೊಡ್ಡ ಶಹರದವರಿಗೆ, ಒಬ್ಬರಿಗೊಬ್ಬರು ಗುರುತಿಲ್ಲದ ಗುಂಪಿಗೆ. ನಮ್ಮಲ್ಲಿ ಗುರುತಿಲ್ಲದವರೇ ಇಲ್ಲ. ಬೆಂಗಳೂರಿನ ದೋಸ್ತ “ಇದು ಚೊಲೋ ಇದೆ” ಎಂದದ್ದು ಹುಲೇಕಲ್ಲಿನಲ್ಲೋ ಮಂಚೀಕೇರಿಯಲ್ಲೋ ಕೂತ ನಿಮಗೆ ಚೊಲೋ ಆಗಬೇಕೆಂದಿಲ್ಲ. ನಮ್ಮ ಊರಿಗೆ ತಕ್ಕ ಅಳತೆ ನಾವೇ ಇಟ್ಟುಕೊಳ್ಳಬೇಕು.

ಮೊದಲನೆಯ ಅಳತೆ, ನಿಮಗೆ ಬೇಕಾದದ್ದೇನು ಎಂಬುದು. ಮದುವೆಯೇ ಬೇಕು ಎಂದಾದರೆ ಡೇಟಿಂಗ್ ಆ್ಯಪಿನಲ್ಲಿ ಹೊತ್ತು ಕಳೆಯಬೇಡಿ; ಶಾದಿ, ಕನ್ನಡ ಮ್ಯಾಟ್ರಿಮೊನಿ, ಜೀವನಸಾಥಿಯಂಥವು ಇವೆ, ಸಮಾಜದ ಸಂಘಗಳ ವಧು–ವರ ಸಮಾವೇಶಗಳಿವೆ. ಮದುವೆ ಜಾಲತಾಣಗಳಿಗೆ ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ಒಂದು ಸೂಚನಾಪತ್ರ ಹೊರಡಿಸಿದೆ. ಸೇರುವವರ ಗುರುತಿನ ದಾಖಲೆ ನೋಡಬೇಕು, ಇದು ಮದುವೆಗಾಗಿಯೇ ಹೊರತು ಡೇಟಿಂಗಿಗಲ್ಲ ಎಂದು ಎದ್ದು ಕಾಣುವಂತೆ ಹಾಕಬೇಕು, ದೂರು ಕೇಳುವ ಅಧಿಕಾರಿಯನ್ನು ಇಡಬೇಕು ಎಂದು ಅದರಲ್ಲಿದೆ. ಎಲ್ಲರೂ ಅಚ್ಚುಕಟ್ಟಾಗಿ ಪಾಲಿಸುತ್ತಾರೆ ಎಂದಲ್ಲ, ಆದರೆ ಕೇಳಲಿಕ್ಕೆ ಒಂದು ಹಿಡಿ ಸಿಗುತ್ತದೆ. “ಮೊದಲು ಪರಿಚಯ, ಸ್ನೇಹ, ಮದುವೆ ಮಾತು ಆಮೇಲೆ” ಎನ್ನುವವರಿಗೆ ಟಿಂಡರ್, ಬಂಬಲ್, ಹಿಂಜ್, ಓಕೆಕ್ಯುಪಿಡ್ ಇತ್ಯಾದಿ. ಬೆಂಗಳೂರಿನಲ್ಲೇ 2014ರಲ್ಲಿ ಹುಟ್ಟಿದ ಐಲ್ ಇವೆರಡರ ನಡುವಿನ ದಾರಿ ಹಿಡಿಯಿತು. ಕನ್ನಡಿಗರಿಗೆಂದೇ ‘ನೀನೇ’ ಎಂಬ ಆ್ಯಪನ್ನೂ ತಂದಿತು. ಎರಡು ದೋಣಿಯಲ್ಲಿ ಕಾಲಿಡಬೇಡಿ. ಸ್ನೇಹ ಅರಸಿ ಬಂದ ಹುಡುಗಿಗೆ ಮೊದಲ ಮೆಸೇಜಿನಲ್ಲೇ ಗೋತ್ರ, ನಕ್ಷತ್ರ ಕೇಳಿದರೆ “ಮದುವೆಯಾಗೋ ಗುಂಡ ಅಂದರೆ ನೀನೇ ನನ್ನ ಹೆಂಡ್ತಿ ಆಗು ಅಂದ” ಎನ್ನುವ ಗಾದೆ ನೆನಪಾಗುತ್ತದೆ. ಅವಳು ಬ್ಲಾಕ್ ಮಾಡುತ್ತಾಳೆ, ನ್ಯಾಯವೇ.

ಎರಡನೆಯದು, ಪುಕ್ಕಟೆ ಎಂದರೆ ಎಷ್ಟು ಪುಕ್ಕಟೆ? ಹೆಸರು ನೋಂದಾಯಿಸುವುದು, ಫೋಟೋ ಹಾಕುವುದು, ದಿನಕ್ಕೆ ಇಂತಿಷ್ಟು ಲೈಕ್ ಕೊಡುವುದು, ಇಷ್ಟು ಸಾಮಾನ್ಯವಾಗಿ ಪುಕ್ಕಟೆ. ನಿಮ್ಮನ್ನು ಯಾರು ಇಷ್ಟಪಟ್ಟರು ಎಂದು ನೋಡಲು, ನಿಮ್ಮ ಮುಖವನ್ನು ಸಾಲಿನ ಮುಂದೆ ತರಲು, ಮದುವೆ ತಾಣವಾದರೆ ಫೋನ್ ನಂಬರ್ ಸಿಗಲು ದುಡ್ಡು. ನಮ್ಮ ದೇಶದ ಡೇಟಿಂಗ್ ಆ್ಯಪ್‌ಗಳಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಬಹಳ ಹೆಚ್ಚು. ಹಾಗಾಗಿ ಮಾಣಿಗಳಿಗೆ ವಾರಗಟ್ಟಲೆ ಏನೂ ಬರುವುದಿಲ್ಲ. ಅಷ್ಟರಲ್ಲಿ ಮಸುಕು ಮಸುಕಾದ ಒಂದು ಮುಖ ತೋರಿಸಿ “ಯಾರೋ ನಿಮ್ಮನ್ನು ಮೆಚ್ಚಿದ್ದಾರೆ” ಎನ್ನುತ್ತದೆ ಫೋನು. ಆ ಗಳಿಗೆಯಲ್ಲೇ ಜೇಬಿಗೆ ಕೈ ಹೋಗುವುದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2019ರಲ್ಲಿ ಇದೇ ವಿಷಯಕ್ಕೆ ಮ್ಯಾಚ್ ಕಂಪನಿಯ ಮೇಲೆ ದಾವೆ ಹೂಡಿತು. ಮೋಸದ್ದೆಂದು ತಾನೇ ಗುರುತು ಹಾಕಿದ ಖಾತೆಗಳಿಂದ ಬಂದ ‘ಮೆಚ್ಚುಗೆ’ಯನ್ನು ತೋರಿಸಿ ಪುಕ್ಕಟೆ ಬಳಕೆದಾರರಿಂದ ಚಂದಾ ಕಟ್ಟಿಸಿಕೊಂಡಿತು ಎಂಬುದು ಆರೋಪ. ಟಿಂಡರ್, ಹಿಂಜ್, ಓಕೆಕ್ಯುಪಿಡ್ ಮೂರೂ ಇದೇ ಮ್ಯಾಚ್ ಬಳಗದವು.

ಆದ್ದರಿಂದ ಹೊಸ ಆ್ಯಪ್ ಹಾಕಿದರೆ ಮೊದಲ ಕೆಲವು ವಾರ ಒಂದು ಪೈಸೆ ಬಿಚ್ಚಬೇಡಿ. ಶಿರಸಿ, ಹುಬ್ಬಳ್ಳಿ, ಸಾಗರದ ಕಡೆಯ ಮುಖಗಳು ನಿಜವಾಗಿ ಬರುತ್ತಿವೆಯೋ ಅಥವಾ ನೋಡಿದ್ದನ್ನೇ ತಿರುಗಿಸಿ ತೋರಿಸುತ್ತಿದೆಯೋ ಗಮನಿಸಿ. ನಿಮ್ಮ ಸುತ್ತಲಿನ ಪ್ರದೇಶದಲ್ಲಿ ಜನವೇ ಇಲ್ಲದಿದ್ದರೆ ದುಡ್ಡು ಕಟ್ಟಿದರೂ ಜನ ಹುಟ್ಟುವುದಿಲ್ಲ. ಕಟ್ಟಿದ್ದೇ ಹೌದಾದರೆ ತಿಂಗಳ ಲೆಕ್ಕಕ್ಕೆ ಕಟ್ಟಿ, ಆಟೊಪೇ ನಿಲ್ಲಿಸುವ ದಾರಿ ಅದೇ ದಿನ ನೋಡಿಟ್ಟುಕೊಳ್ಳಿ. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ, ಖಾತೆಯೂ ಅಳಿಯುವುದಿಲ್ಲ. ಅವೆರಡನ್ನೂ ಬೇರೆಬೇರೆಯಾಗಿ ಮುಚ್ಚಬೇಕು.

ಮೂರನೆಯದು ನಮ್ಮೂರಿಗೆ ತೀರಾ ಮುಖ್ಯ. ಹಲವು ಆ್ಯಪ್‌ಗಳು ಎದುರಿನವರಿಗೆ ನೀವು ಎಷ್ಟು ಕಿಲೋಮೀಟರು ದೂರದಲ್ಲಿದ್ದೀರಿ ಎಂದು ತೋರಿಸುತ್ತವೆ. ಬೆಂಗಳೂರಿನಲ್ಲಿ “2 ಕಿ.ಮೀ. ದೂರ” ಎಂದರೆ ಆ ಸುತ್ತಿನಲ್ಲಿ ಸಾವಿರಾರು ಜನ, ಯಾರೆಂದು ತಿಳಿಯುವುದಿಲ್ಲ. ಸಿದ್ದಾಪುರದ ಒಂದು ಕೇರಿಯಲ್ಲಿ ಸುತ್ತ ಬೆಟ್ಟ, ನಡುವೆ ತೋಟ, ಇರುವುದು ಐದಾರು ಮನೆ. ಅಲ್ಲಿ “2 ಕಿ.ಮೀ., ವಯಸ್ಸು 26, ಹುಡುಗಿ” ಎಂದರೆ ಸಾಕು, ಯಾರ ಮನೆ ಕೂಸು ಎಂದು ಹಾಲಿನ ಡೇರಿಗೆ ಹೋಗುವುದರೊಳಗೆ ಊರಿಗೇ ಗೊತ್ತು. 2014ರಲ್ಲಿ ಭದ್ರತಾ ತಜ್ಞರು ಟಿಂಡರ್‌ನಲ್ಲಿ ಒಂದು ದೋಷ ಹೊರಗೆಡಹಿದ್ದರು: ಬೇರೆಬೇರೆ ಮೂರು ಜಾಗದಿಂದ ದೂರ ಅಳೆದರೆ ಒಬ್ಬರು ಇರುವ ಜಾಗ ಹತ್ತಿರ ಹತ್ತಿರ ಸರಿಯಾಗಿ ಸಿಕ್ಕಿಬಿಡುತ್ತಿತ್ತು. ಆ ದೋಷವನ್ನು ಸರಿಪಡಿಸಿದ್ದಾರೆ. ಆದರೆ ನಮ್ಮ ಕೇರಿಯಲ್ಲಿ ಅಷ್ಟು ಗಣಿತವೂ ಬೇಡ.

ಹಾಗಾಗಿ ಆಯ್ಕೆ ಮಾಡುವಾಗ ಇಷ್ಟು ನೋಡಿ: ದೂರ ತೋರಿಸದೆ ಊರು ಅಥವಾ ಜಿಲ್ಲೆಯ ಹೆಸರಷ್ಟೇ ಹಾಕಲು ಬರುತ್ತದೆಯೇ? ದೂರ ಮುಚ್ಚಿಡುವುದಕ್ಕೇ ದುಡ್ಡು ಕೇಳುತ್ತದೆಯೇ? ನಿಮ್ಮ ಫೋನಿನಲ್ಲಿರುವ ನಂಬರಿನವರಿಗೆ ನೀವು ಕಾಣದಂತೆ ಮಾಡಬಹುದೇ? ಟಿಂಡರ್‌ನಲ್ಲಿ ಈ ಕೊನೆಯ ಸೌಲಭ್ಯವಿದೆ. ಅಪ್ಪಯ್ಯ, ಚಿಕ್ಕಪ್ಪ, ಸೊಸೈಟಿಯ ಮ್ಯಾನೇಜರ್ರು ಎಲ್ಲರನ್ನೂ ಒಂದೇ ಸಲ ಹೊರಗಿಡಬಹುದು. ಆದರೆ ಅದಕ್ಕೆ ಅವರ ನಂಬರುಗಳನ್ನು ಆ್ಯಪಿಗೆ ಕೊಡಬೇಕು, ಅದೂ ಒಂದು ಬೆಲೆಯೇ. ಹುಡುಕುವ ಸುತ್ತಳತೆಯಲ್ಲೂ ಬುದ್ಧಿ ಓಡಿಸಿ. ಸಿದ್ದಾಪುರದಲ್ಲಿ ಕೂತು 50 ಕಿ.ಮೀ. ಎಂದಿಟ್ಟರೆ ಶಿರಸಿ ಬಂತು, ಸಾಗರ ಬಂತು, ಮಿಕ್ಕದ್ದು ಬಹುಪಾಲು ಕಾಡು. ಯಲ್ಲಾಪುರದವರು ಹುಬ್ಬಳ್ಳಿ–ಧಾರವಾಡ ಸೇರುವಷ್ಟು ಹಿಗ್ಗಿಸಿದರೆ ಓದಿದ, ಕೆಲಸದಲ್ಲಿರುವ ಜನ ಸಿಗುತ್ತಾರೆ, ಹತ್ತಿರದವರ ಕಣ್ಣಿಗೆ ಬೀಳುವ ಕಿರಿಕಿರಿಯೂ ಕಡಿಮೆ.

ಫೋಟೋದ ಮಾತು. ಕೆಎ–31 ನಂಬರಿನ ಬೈಕಿನ ಮೇಲೆ ಕೂತು, ಹಿಂದೆ ಅಡಿಕೆ ಒಣಹಾಕಿದ ಅಂಗಳ, ಗೋಡೆಯ ಮೇಲೆ ಮನೆಯ ಹೆಸರು, ಇಂಥ ಫೋಟೋವೇ ವಿಳಾಸ ಹೇಳಿಬಿಡುತ್ತದೆ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಇದನ್ನು ನೋಡುವವರಲ್ಲಿ ಹೆಣ್ಣುಮಕ್ಕಳಿಗಿಂತ ಮೋಸಗಾರರೇ ಹೆಚ್ಚಿರುತ್ತಾರೆ. ಎಷ್ಟು ಎಕರೆ, ಎಷ್ಟು ಕ್ವಿಂಟಲ್ ಎಂದು ಪ್ರೊಫೈಲಿನಲ್ಲಿ ಬರೆಯಬೇಡಿ, ಮಾತು ಗಟ್ಟಿಯಾದ ಮೇಲೆ ಹೇಳಿದರಾಯಿತು. ತಂಗಿಯರು ವಾಟ್ಸಾಪ್ ಡಿಪಿ, ಇನ್‌ಸ್ಟಾಗ್ರಾಮ್‌ನ ಫೋಟೋವನ್ನೇ ಇಲ್ಲಿಗೂ ಹಾಕಬೇಡಿ. ಒಂದೇ ಫೋಟೋ ಇಟ್ಟುಕೊಂಡು ಹುಡುಕಿದರೆ ಹೆಸರು, ಕಾಲೇಜು, ಅಣ್ಣನ ಮದುವೆಯ ಆಲ್ಬಂ ತನಕ ಹೊರಬೀಳುತ್ತದೆ.

ಹಾಗಾದರೆ ಏನು ಬರೆಯುವುದು? ಮಾಣಿಗಳು ಇಲ್ಲೇ ಸೋಲುವುದು. ಹೆಣ್ಣುಮಕ್ಕಳಿಗೆ ತೋಟ ಬೇಡ ಎಂದು ನಾವೆಲ್ಲ ದೂರುತ್ತೇವೆ. ಹತ್ತಿರ ಕೂರಿಸಿಕೊಂಡು ಕೇಳಿದರೆ ಅವರು ತೋಟವನ್ನು ದೂರುವುದು ಕಡಿಮೆ. ನನ್ನ ಕೆಲಸ ಬಿಡಬೇಕೇ? ಮನೆಯಲ್ಲಿ ಇಂಟರ್‌ನೆಟ್ ಇದೆಯೇ? ಕೊನೆಕೊಯ್ಲಿನ ದಿನ ಇಪ್ಪತ್ತು ಆಳಿಗೆ ತಿಂಡಿ ಮಾಡುವುದು ನಾನೊಬ್ಬಳೇ ಏನು? ಕೈಖರ್ಚಿಗೆ ಯಾರನ್ನು ಕೇಳಬೇಕು? ಅವರು ಕೇಳುವುದು ಇವನ್ನು. ಕೂಲಿಂಗ್ ಗ್ಲಾಸ್ ಹಾಕಿದ ಫೋಟೋದಲ್ಲಿ ಇದಕ್ಕೆಲ್ಲ ಉತ್ತರ ಇಲ್ಲ. “ಅಡಿಕೆ, ಕಾಳುಮೆಣಸು ಕೃಷಿ ನನ್ನ ಕೆಲಸ, ಇಷ್ಟಪಟ್ಟು ಮಾಡುತ್ತೇನೆ. ಮನೆಯಲ್ಲಿ ಅಪ್ಪ, ಆಯಿ. ಮನೆಗೆ ಫೈಬರ್ ಸಂಪರ್ಕ ಇದೆ, ಮನೆಯಿಂದಲೇ ಕೆಲಸ ಮಾಡುವವರಿಗೆ ತೊಂದರೆಯಿಲ್ಲ. ನನಗೆ ಅಡುಗೆ ಬರುತ್ತದೆ, ಅಪ್ಪೆಹುಳಿ ಚೆನ್ನಾಗಿ ಮಾಡುತ್ತೇನೆ. ತಾಳಮದ್ದಳೆ ಹುಚ್ಚು.” ಇಷ್ಟು ಬರೆದು ನೋಡಿ, ಇರುವುದು ನಿಜವಾದರೆ ಮಾತ್ರ. ಅಡುಗೆ ಬಾರದಿದ್ದರೆ ಮೊದಲು ಕಲಿಯಿರಿ, ಆಮೇಲೆ ಬರೆಯಿರಿ. ಮನೆಗೆ ಇಂಟರ್‌ನೆಟ್ ಇಲ್ಲದಿದ್ದರೆ ಆ್ಯಪಿನ ಚಂದಾ ಕಟ್ಟುವ ಬದಲು ಆ ದುಡ್ಡನ್ನು ಅದಕ್ಕೆ ಹಾಕಿ.

ಇನ್ನು ನಂಬುವ ವಿಷಯ. ಶಿರಸಿಯ ಅಡಿಕೆ ಸೊಸೈಟಿ ಟಿಎಸ್‌ಎಸ್ ಅಂಗಳದಲ್ಲಿ ರಾಶಿಗೆ ಕೈ ಹಾಕಿ, ನಾಲ್ಕು ಅಡಿಕೆ ಒಡೆದು ನೋಡದೆ ಯಾವ ವ್ಯಾಪಾರಿಯೂ ದರ ಬರೆಯುವುದಿಲ್ಲ. ಮನುಷ್ಯರ ವಿಷಯದಲ್ಲಿ ಅಷ್ಟಾದರೂ ಜೋಪಾನ ಬೇಡವೇ? ಮುಖ ಪರಿಶೀಲಿಸಿ ಗುರುತು ಹಾಕುವ ವ್ಯವಸ್ಥೆ ಇರುವ ಆ್ಯಪನ್ನೇ ಆರಿಸಿ. ಆ ಗುರುತು ಫೋಟೋ ಅವರದ್ದೇ ಎಂದಷ್ಟೇ ಹೇಳುತ್ತದೆ. ಉದ್ಯೋಗ, ಮದುವೆಯಾಗಿದೆಯೋ ಇಲ್ಲವೋ, ಇವನ್ನು ನೀವೇ ವಿಚಾರಿಸಬೇಕು. ಕೆಲವು ದಿನ ಆ್ಯಪಿನೊಳಗೇ ಮಾತಾಡಿ. ಎರಡನೇ ದಿನಕ್ಕೇ “ವಾಟ್ಸಾಪಿಗೆ ಬಾ, ಟೆಲಿಗ್ರಾಮಿಗೆ ಬಾ” ಎನ್ನುವವರು, ವಿಡಿಯೊ ಕಾಲ್ ಎಂದರೆ ಕ್ಯಾಮರಾ ಕೆಟ್ಟಿದೆ ಎನ್ನುವವರು ಅನುಮಾನಕ್ಕೆ ಅರ್ಹರು. ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಆ್ಯಪ್ ಇಳಿಸಿಕೊಳ್ಳಲೇಬೇಡಿ, ಪ್ಲೇ ಸ್ಟೋರಿನಲ್ಲಿ ಇಲ್ಲದ್ದು ನಮಗೆ ಬೇಡ.

ಮೋಸದ ದಾರಿಗಳು ಕೆಲವೇ, ವೇಷ ಮಾತ್ರ ಬೇರೆ. ವಿದೇಶದಿಂದ ಉಡುಗೊರೆ ಕಳಿಸಿದ್ದೇನೆ ಎನ್ನುವುದು, ಮರುದಿನ ದೆಹಲಿಯ ಕಸ್ಟಮ್ಸಿನವರೆಂದು ಯಾರೋ ಫೋನ್ ಮಾಡಿ ಶುಲ್ಕ ಕೇಳುವುದು. ಒಂದು ತಿಂಗಳು ಪ್ರೀತಿಯಿಂದ ಮಾತಾಡಿ ನಿಧಾನಕ್ಕೆ ಷೇರು, ಕ್ರಿಪ್ಟೊ ಎಂದು ದುಡ್ಡು ಹೂಡಿಸುವುದು. ರಾತ್ರಿ ವಿಡಿಯೊ ಕಾಲಿನಲ್ಲಿ ಬಟ್ಟೆ ಕಳಚಲು ಹೇಳಿ ರೆಕಾರ್ಡ್ ಮಾಡಿಕೊಂಡು ಬೆದರಿಸುವುದು. ನಮ್ಮ ಭಾಗಕ್ಕೆ ಇನ್ನೊಂದು ಸೇರಿಸಿಕೊಳ್ಳಿ: ದೂರದ ರಾಜ್ಯದಿಂದ ಹೆಣ್ಣು ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳು. ಉತ್ತರದ ಕಡೆಯಿಂದ ಮದುವೆಯಾಗಿ ಬಂದು ಇಲ್ಲಿ ಚೆನ್ನಾಗಿ ಸಂಸಾರ ಮಾಡಿಕೊಂಡಿರುವವರು ಇದ್ದಾರೆ. ಅವರು ಎರಡೂ ಮನೆಯವರು ಹೋಗಿ ಬಂದು ಆದ ಮದುವೆಯವರು. ಹುಡುಗಿಯ ಜೊತೆ ಒಂದು ಮಾತೂ ಆಡಿಸದೆ ಮುಂಗಡ ಕೇಳುವವನಿಗೆ ಬಾಗಿಲು ತೋರಿಸಿ. ಆಧಾರ್ ಕಾರ್ಡಿನ ಫೋಟೋವನ್ನಂತೂ ಯಾರಿಗೂ ಕಳಿಸಬೇಡಿ.

ಭೇಟಿಯಾಗುವಾಗ ಜಾಗದ ಆಯ್ಕೆಯಲ್ಲಿ ಎಚ್ಚರ. ಯುವಕರಿಗೆ ಮೊದಲು ಹೊಳೆಯುವುದು ಜಲಪಾತ: ಉಂಚಳ್ಳಿ, ಮಾಗೋಡು, ಸಾತೊಡ್ಡಿ. ಚಂದದ ಜಾಗಗಳೇ. ಆದರೆ ಕಾಡುದಾರಿ, ನೆಟ್‌ವರ್ಕ್ ನಂಬುವಂತಿಲ್ಲ, ಕೂಗಿದರೆ ಕೇಳುವವರಿಲ್ಲ. ಮೊದಲ ಭೇಟಿಗೆ ಶಿರಸಿ ಪೇಟೆಯ ಹೋಟೆಲು, ಹುಬ್ಬಳ್ಳಿಯ ಜನ ಓಡಾಡುವ ಜಾಗ ಸಾಕು. ಹಗಲು ಹೊತ್ತು, ನಿಮ್ಮದೇ ವಾಹನ ಅಥವಾ ಬಸ್ಸು, ಊರಿಗೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದು ಗೊತ್ತಿರಲಿ. ಮನೆಯಲ್ಲಿ ಹೇಳಲಾಗದಿದ್ದರೆ ಒಬ್ಬ ಗೆಳತಿಗಾದರೂ, ಅತ್ತಿಗೆಗಾದರೂ ಯಾರನ್ನು, ಎಲ್ಲಿ ಎಂದು ಹೇಳಿ ಹೊರಡಿ. ಬಿಲ್ಲು ಅರ್ಧ ಅರ್ಧ ಕೊಟ್ಟರೆ ಇಬ್ಬರಿಗೂ ಋಣವಿಲ್ಲ.

ಮಾಣಿಗಳಿಗೆ ಒಂದು ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಪ್ರಕಾರ, ಮದುವೆಯಾಗುವ ಮನಸ್ಸಿಲ್ಲದೆ ಆಗುತ್ತೇನೆಂದು ನಂಬಿಸಿ ದೈಹಿಕ ಸಂಬಂಧ ಬೆಳೆಸಿದರೆ 10 ವರ್ಷದವರೆಗೆ ಜೈಲು. ಕಾನೂನು ಇರಲಿ ಬಿಡಲಿ, ಮನಸ್ಸಿಲ್ಲದಿದ್ದರೆ ಇಲ್ಲ ಎಂದು ಬಾಯಿಬಿಟ್ಟು ಹೇಳುವುದೇ ಗಂಡಸುತನ. ಅವಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಬೇರೆ ನಂಬರಿನಿಂದ ಮೆಸೇಜು, ಕಾಲೇಜಿನ ಗೇಟಿನಲ್ಲಿ ಕಾಯುವುದು ನಮ್ಮ ಮನೆತನಕ್ಕೆ ಒಪ್ಪುವುದಿಲ್ಲ.

ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಹಿಡಿಸುವ ಮಕ್ಕಳೂ ನಮ್ಮ ಕೇರಿಗಳಲ್ಲಿದ್ದಾರೆ, ಅವರಿಗೂ ಇಲ್ಲಿಯ ಎಚ್ಚರಿಕೆಯ ಮಾತು ಸಲ್ಲುತ್ತದೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಅಂಥ ಸಂಬಂಧ ಅಪರಾಧವಲ್ಲ ಎಂದಿದೆ. “ಪೊಲೀಸರಿಗೆ ಹೇಳುತ್ತೇನೆ” ಎಂದು ಹೆದರಿಸಿ ದುಡ್ಡು ಕೀಳುವವನೇ ಅಪರಾಧಿ. ಊರಿನ ಬಾಯಿಗೆ ಹೆದರಿ ಅವನಿಗೆ ಕೊಡುತ್ತಾ ಹೋಗಬೇಡಿ.

ಬಿಟ್ಟುಹೋಗುವುದು ಸಲೀಸಾಗಿರುವ ಆ್ಯಪನ್ನೇ ಸೇರಿ. 2015ರಲ್ಲಿ ಆ್ಯಶ್ಲಿ ಮ್ಯಾಡಿಸನ್ ಎಂಬ ತಾಣದ ಮೂರು ಕೋಟಿಗೂ ಹೆಚ್ಚು ಖಾತೆಗಳ ವಿವರ ಸೋರಿಹೋಯಿತು. ಅಳಿಸಿಹಾಕುತ್ತೇವೆಂದು ಅದು ದುಡ್ಡು ತೆಗೆದುಕೊಂಡಿದ್ದವರ ಮಾಹಿತಿಯೂ ಅದರಲ್ಲಿತ್ತು. ಖಾತೆ ಪೂರ್ತಿ ಅಳಿಸುವ ಗುಂಡಿ ಎಲ್ಲಿದೆ ಎಂದು ಸೇರುವ ದಿನವೇ ನೋಡಿ. ನಮ್ಮ ದೇಶದ 2021ರ ಐಟಿ ನಿಯಮಗಳಂತೆ ದೂರು ಅಧಿಕಾರಿಯ ಹೆಸರು, ಸಂಪರ್ಕ ಹಾಕಿರಲೇಬೇಕು. ಅದು ಕಾಣಿಸದ ಆ್ಯಪಿಗೆ ನಿಮ್ಮ ಮುಖ ಕೊಡಬೇಡಿ.

ತೊಡಕಾದರೆ ಹೀಗೆ ಮಾಡಿ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ದುಡ್ಡು ಕೈಬದಲಾಗಿ ಸಿಗದಾಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಯಿರಿ. ಕಾರವಾರದಲ್ಲಿ ಜಿಲ್ಲೆಯ ಸೈಬರ್ ಅಪರಾಧಗಳ ಸಿಇಎನ್ ಠಾಣೆ ಇದೆ. ಫೋಟೋ ಹರಡುತ್ತೇನೆ ಎಂದು ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಸ್ಟಾಪ್‌ಎನ್‌ಸಿಐಐ ಎಂಬ ತಾಣವಿದೆ. ಅಲ್ಲಿಗೆ ನಿಮ್ಮ ಫೋಟೋವನ್ನು ಕಳಿಸಬೇಕಿಲ್ಲ; ಫೋನಿನಲ್ಲೇ ಅದರ ಒಂದು ಸಂಕೇತ ತಯಾರಾಗುತ್ತದೆ, ಆ ಸಂಕೇತದಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥವು ಆ ಚಿತ್ರವನ್ನು ತಡೆಯುತ್ತವೆ.

ಅಪ್ಪಯ್ಯ, ಆಯಿ ಆದವರಿಗೂ ಕೊನೆಯಲ್ಲಿ ಒಂದು ಮಾತು. ಮಗನೋ ಮಗಳೋ ಬಂದು “ಫೋನಿನಲ್ಲಿ ಒಬ್ಬರ ಪರಿಚಯ ಆಯ್ತು” ಎಂದರೆ, ಮೊದಲ ಪ್ರಶ್ನೆ “ಯಾವ ಜಾತಿ” ಎಂದಾಗಬಾರದು. ಎಲ್ಲಿಯವರು, ಏನು ಕೆಲಸ, ಎದುರಾ ಎದುರು ಮಾತಾಡಿದಿರಾ ಎಂದು ಕೇಳಿ. ಮನೆಗೆ ಊಟಕ್ಕೆ ಕರೆಯಿರಿ. ಮೊದಲ ಸಲ ಹೇಳಿದಾಗ ಕೂಗಾಡಿದರೆ ಎರಡನೇ ಸಲ ಅವರು ಹೇಳುವುದಿಲ್ಲ. ಮೋಸಗಾರನಿಗೆ ಬೇಕಾದದ್ದು ಆ ಮೌನವೇ.

ನೀವೂ ಅಷ್ಟೇ. ಮನೆಯಲ್ಲಿ ಹೇಳಲು ಹೆದರಿಕೆಯಾದರೆ ನನಗೆ ಫೋನ್ ಮಾಡಿ, ನಡುರಾತ್ರಿಯಾದರೂ ಅಡ್ಡಿಯಿಲ್ಲ. ಬೈಯುವುದನ್ನು ಬೆಳಿಗ್ಗೆ ತಿಂಡಿ ತಿಂದ ಮೇಲೆ ನೋಡಿಕೊಳ್ಳೋಣ. ಮೊದಲು 1930.